ಪಾದ ಎಲ್ಲಿಗೆ ಮುಗಿಯುತ್ತದೆ?

2008ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಮೇಲ್ಮನವಿ ನ್ಯಾಯಾಲಯವೊಂದು ಕೇಳಲು ತಮಾಷೆಯೆನಿಸುವ ಪ್ರಶ್ನೆಯೊಂದಕ್ಕೆ ಉತ್ತರ ಹೇಳಬೇಕಾಗಿ ಬಂತು: ಮನುಷ್ಯನ ಪಾದ ಎಲ್ಲಿಗೆ ಮುಗಿಯುತ್ತದೆ? ಆ ರಾಜ್ಯದ ಕಾನೂನು ಪೋಡಿಯಾಟ್ರಿಸ್ಟ್ ಎಂದು ಕರೆಸಿಕೊಳ್ಳುವ ಪಾದವೈದ್ಯರಿಗೆ ಪಾದದ ಕಾಯಿಲೆಗಳಿಗೆ ಔಷಧ ಕೊಡಲು, ಶಸ್ತ್ರಚಿಕಿತ್ಸೆ ಮಾಡಲು ಅನುಮತಿ ಕೊಟ್ಟಿತ್ತು. ಆದರೆ ಪಾದ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ. 2001ರಲ್ಲಿ ಪೋಡಿಯಾಟ್ರಿಸ್ಟರ ಮಂಡಳಿ ತಾನೇ ಒಂದು ವ್ಯಾಖ್ಯೆ ಬರೆದುಕೊಂಡಿತು. ಮೊಣಕಾಲಿನಿಂದ ಇಳಿದು ಬರುವ ಎರಡು ಮೂಳೆಗಳು ಪಾದದ ಮೂಳೆಯನ್ನು ಸೇರುವ ಕೀಲೂ ಅದರ ಸುತ್ತಲಿನ ನರ, ಸ್ನಾಯು, ರಕ್ತನಾಳಗಳೂ ಪಾದಕ್ಕೇ ಸೇರಿದವು ಎಂಬುದು ಅದರ ಸಾರ. ಮೂಳೆ ಶಸ್ತ್ರವೈದ್ಯರ ಸಂಘ ಮತ್ತು ರಾಜ್ಯದ ವೈದ್ಯರ ಸಂಘ ಇದನ್ನು ಒಪ್ಪದೆ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಮಂಡಳಿ ತನ್ನ ಅಧಿಕಾರವನ್ನು ಮೀರಿದೆ, ಈ ವ್ಯಾಖ್ಯೆ ನಿಲ್ಲುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು.

ಕನ್ನಡದಲ್ಲಿ ಯೋಚಿಸುವವರಿಗೆ ಈ ಜಗಳ ಇನ್ನೂ ಸ್ವಾರಸ್ಯಕರ. ನಮ್ಮಲ್ಲಿ 'ಕಾಲು' ಎಂದರೆ ಸೊಂಟದ ಕೆಳಗಿನಿಂದ ಬೆರಳ ತುದಿಯವರೆಗೆ ಎಲ್ಲವೂ ಹೌದು. 'ಕಾಲು ತೊಳೆದುಕೊಂಡು ಒಳಗೆ ಬಾ' ಎಂದರೆ ಪಾದ. 'ಕಾಲು ಮುರಿದುಕೊಂಡ' ಎಂದರೆ ತೊಡೆಯಿಂದ ಕೆಳಗೆ ಎಲ್ಲಿಯಾದರೂ ಆಗಬಹುದು. ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಕಾನೂನಿಗೆ ಆ ಸೌಲಭ್ಯವಿಲ್ಲ. ಅದು ಮೈಮೇಲೆ ಗೆರೆ ಎಳೆದು, ಈ ಗೆರೆಯ ಕೆಳಗೆ ನಿನ್ನದು, ಮೇಲೆ ಅವನದು ಎಂದು ಹೇಳಲೇಬೇಕು. ಜೊತೆಗೆ ನಮ್ಮ 'ಕಾಲು' ಎಂಬ ಪದಕ್ಕೆ ನಾಲ್ಕನೇ ಒಂದು ಭಾಗ ಎಂಬ ಅರ್ಥವೂ ಇದೆ. ಪೋಡಿಯಾಟ್ರಿಸ್ಟರ ನೂರೈವತ್ತು ವರ್ಷಗಳ ಚರಿತ್ರೆಯನ್ನು ಓದುವಾಗ ಈ ಎರಡನೇ ಅರ್ಥವೂ ಮನಸ್ಸಿಗೆ ಬರದೆ ಇರುವುದಿಲ್ಲ. ಇಡೀ ವೈದ್ಯರೆನಿಸಿಕೊಂಡವರ ಕಣ್ಣಿಗೆ ಇವರು ಬಹುಕಾಲ ಕಾಲು ವೈದ್ಯರೇ ಆಗಿದ್ದರು.

ಈ ಲೇಖನದ ವಿಷಯ ಆ ಗೆರೆ. ನಿರ್ದಿಷ್ಟವಾಗಿ ಹೇಳುವುದಾದರೆ, ಅಮೆರಿಕದಲ್ಲಿ ಪಾದವೈದ್ಯ ಶಿಕ್ಷಣ ಮುಗಿಸಿದ ವಿದ್ಯಾರ್ಥಿಗೆ ಪೂರ್ಣ ಪರವಾನಗಿ ಸಿಗುವ ಮೊದಲು ಕೊಡುವ ಸೀಮಿತ ತರಬೇತಿ ಪರವಾನಗಿ. ಮೇಲ್ನೋಟಕ್ಕೆ ಇದು ಸರ್ಕಾರಿ ಕಚೇರಿಯ ಒಂದು ನಮೂನೆ, ಒಂದು ಶುಲ್ಕ, ಒಂದು ಮೊಹರು. ಆದರೆ ವೃತ್ತಿಗಳ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಇಂಥ ಕಾಗದಗಳೇ ಹೆಚ್ಚು ಮಾತಾಡುತ್ತವೆ. ಯಾರು ಯಾರನ್ನು ನಂಬಬಹುದು, ಎಷ್ಟು ನಂಬಬಹುದು, ಯಾವಾಗಿನಿಂದ ನಂಬಬಹುದು ಎಂಬುದನ್ನು ಒಂದು ಸಮಾಜ ಎಲ್ಲಕ್ಕಿಂತ ಸ್ಪಷ್ಟವಾಗಿ ಬರೆದಿಡುವುದು ಪರವಾನಗಿಯ ನಿಯಮಗಳಲ್ಲಿ.

*

ಪಾದದ ಆರೈಕೆ ಹಳೆಯದು. ಈಜಿಪ್ಟಿನ ಸಕ್ಕಾರಾದಲ್ಲಿ ಅಂಖ್ಮಹೋರ್ ಎಂಬ ಅಧಿಕಾರಿಯ ಸಮಾಧಿಯಿದೆ. ಕ್ರಿಸ್ತಪೂರ್ವ ಮೂರನೇ ಸಹಸ್ರಮಾನದ ಆ ಸಮಾಧಿಯ ಗೋಡೆಯ ಮೇಲೆ, ಕುಳಿತವನ ಕೈಕಾಲುಗಳನ್ನು ಹಿಡಿದು ಏನೋ ಉಪಚಾರ ಮಾಡುತ್ತಿರುವವರ ಕೆತ್ತನೆಯಿದೆ. ಯುರೋಪಿನಲ್ಲಿ ಈ ಕೆಲಸ ಬಹುಕಾಲ ಬೀದಿಯದಾಗಿತ್ತು. ಲಂಡನ್ನಿನ ಸಂತೆಗಳಲ್ಲಿ 'ಆಣಿ ತೆಗೆಯುವವರು' ಕೂಗುತ್ತಾ ಓಡಾಡುತ್ತಿದ್ದರು. ಬೆನ್ ಜಾನ್ಸನ್ 1614ರಲ್ಲಿ ರಂಗಕ್ಕೆ ತಂದ 'ಬಾರ್ತಲೋಮ್ಯೂ ಫೇರ್' ನಾಟಕದ ಸಂತೆಯ ಗದ್ದಲದಲ್ಲಿ ಅಂಥ ಒಬ್ಬ ಆಣಿ ತೆಗೆಯುವವನೂ ಪಾತ್ರವಾಗಿ ಬಂದುಹೋಗುತ್ತಾನೆ. ಹಣ್ಣು ಮಾರುವವರು, ಬೊಂಬೆ ಮಾರುವವರು, ಇಲಿಬೋನು ಮಾರುವವರ ಸಾಲಿನಲ್ಲಿ ಅವನ ಜಾಗ. ಅವನಿಗೆ ಪರವಾನಗಿಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಅವನ ಕತ್ತಿ ಆಳಕ್ಕೆ ಹೋಗಿ ಗಾಯ ಕೀವಾದರೆ ಕೇಳುವವರೂ ಇರಲಿಲ್ಲ.

ಬೀದಿಯಿಂದ ಮನೆಯೊಳಗೆ ಬರಲು ಈ ಕಸುಬಿಗೆ ಮೊದಲು ಬೇಕಾದದ್ದು ಹೊಸ ಹೆಸರು. 1785ರಲ್ಲಿ ಲಂಡನ್ನಿನ ಡೇವಿಡ್ ಲೋ ಎಂಬಾತ ಪಾದದ ತೊಂದರೆಗಳ ಬಗ್ಗೆ 'ಕೈರೊಪೊಡೊಲೊಜಿಯಾ' ಎಂಬ ಪುಸ್ತಕ ಪ್ರಕಟಿಸಿದ. ಗ್ರೀಕಿನಲ್ಲಿ 'ಕೈರ್' ಎಂದರೆ ಕೈ, 'ಪೌಸ್' ಎಂದರೆ ಪಾದ. ಕೈಕಾಲುಗಳೆರಡರ ಆರೈಕೆ ಮಾಡುವವನು 'ಕೈರೊಪೊಡಿಸ್ಟ್'. ಪುಸ್ತಕದ ಬಹುಪಾಲು ಫ್ರಾನ್ಸಿನ ಹದಿನಾರನೇ ಲೂಯಿಯ ಅರಮನೆಯಲ್ಲಿ ಪಾದದ ಆರೈಕೆ ನೋಡಿಕೊಳ್ಳುತ್ತಿದ್ದ ಲಾಫೊರೆ ಎಂಬ ಶಸ್ತ್ರವೈದ್ಯನ ಕೃತಿಯಿಂದ ಎತ್ತಿದ್ದು. ಹೀಗೆ ಒಂದು ವೃತ್ತಿ ತನ್ನ ಗೌರವದ ಹೆಸರನ್ನು ಪಡೆದದ್ದು ಎರವಲು ತಂದ ಪುಸ್ತಕವೊಂದರಿಂದ.

ಮುಂದಿನ ಶತಮಾನದಲ್ಲಿ ಲೂಯಿಸ್ ಡರ್ಲಾಕರ್ ಬಂದ. ಇವನು ವಿಕ್ಟೋರಿಯಾ ರಾಣಿಯ ಅರಮನೆಯ ಕೈರೊಪೊಡಿಸ್ಟ್. 1845ರಲ್ಲಿ ಆಣಿ, ಉಗುರಿನ ಕಾಯಿಲೆ, ಹೆಬ್ಬೆರಳ ಬುಡದ ಗಂಟು ಮೊದಲಾದವುಗಳ ಬಗ್ಗೆ ಒಂದು ಗಂಭೀರ ಗ್ರಂಥ ಬರೆದ. ಮುಂಗಾಲಿನಲ್ಲಿ ಬೆರಳುಗಳ ನಡುವೆ ನರ ಅಮುಕಿ ಬರುವ ಸುಡುವಂಥ ನೋವನ್ನು ಅವನು ಅದರಲ್ಲಿ ವಿವರಿಸಿದ್ದಾನೆ. ಇಂದು ಆ ಕಾಯಿಲೆಯ ಹೆಸರು 'ಮಾರ್ಟನ್ಸ್ ನ್ಯೂರೋಮಾ'. ಮಾರ್ಟನ್ ಫಿಲಡೆಲ್ಫಿಯಾದ ಶಸ್ತ್ರವೈದ್ಯ. ಅವನು ಅದರ ಬಗ್ಗೆ ಬರೆದದ್ದು 1876ರಲ್ಲಿ, ಡರ್ಲಾಕರನ ಮೂವತ್ತೊಂದು ವರ್ಷಗಳ ನಂತರ. ಆಣಿ ತೆಗೆಯುವವನು ಮೊದಲು ನೋಡಿದ್ದಕ್ಕೆ ಡಾಕ್ಟರನ ಹೆಸರು ಅಂಟಿಕೊಂಡಿತು. ಇದರಲ್ಲಿ ಯಾರ ಸಂಚೂ ಇರಬೇಕಾಗಿಲ್ಲ. ಯಾರ ಬರಹವನ್ನು ಯಾರು ಓದುತ್ತಾರೆ ಎಂಬುದೂ ವೃತ್ತಿಗಳ ನಡುವಿನ ಒಂದು ಗೆರೆಯೇ.

ಅಮೆರಿಕದಲ್ಲಿ ಇದೇ ಕಾಲಕ್ಕೆ ಇನ್ನೊಂದು ಬಗೆಯ ವ್ಯಕ್ತಿ ಕಾಣಿಸುತ್ತಾನೆ. ಇಂಗ್ಲೆಂಡಿನಿಂದ ಹೋದ ಐಸಕರ್ ಜಕಾರಿ ಅಬ್ರಹಾಂ ಲಿಂಕನ್ನರ ಪಾದಗಳ ಉಪಚಾರ ಮಾಡಿದವನು. 1862ರ ಸೆಪ್ಟೆಂಬರಿನಲ್ಲಿ, ಗುಲಾಮರ ವಿಮೋಚನೆಯ ಪ್ರಾಥಮಿಕ ಘೋಷಣೆ ಹೊರಬಿದ್ದ ದಿನಗಳಲ್ಲಿಯೇ, ಲಿಂಕನ್ ಇವನಿಗೆ ಪ್ರಶಂಸಾಪತ್ರ ಬರೆದುಕೊಟ್ಟರು. ಅಧ್ಯಕ್ಷರ ವಿಶ್ವಾಸ ಎಷ್ಟು ಬೆಳೆಯಿತೆಂದರೆ, ಅಂತರ್ಯುದ್ಧದ ನಡುವೆ ಜಕಾರಿ ದಕ್ಷಿಣದ ನಾಯಕರೊಡನೆ ಗುಟ್ಟಿನ ಸಂಧಾನದ ಮಾತುಕತೆಗೂ ಹೋಗಿಬಂದ. ಇವನ ಹೆಸರಿನಲ್ಲಿ 1860ರಲ್ಲಿ ಬಂದ ಪಾದಚಿಕಿತ್ಸೆಯ ಪುಸ್ತಕ ಮಾತ್ರ ಜಾನ್ ಐಸೆನ್‌ಬರ್ಗ್ ಎಂಬವನ 1845ರ ಪುಸ್ತಕದ ನಕಲು. ಅವನ ಕೈಗುಣ ಒಳ್ಳೆಯದಿತ್ತೆಂದು ಲಿಂಕನ್ನರ ಪತ್ರಗಳೇ ಹೇಳುತ್ತವೆ. ಆದರೆ ಕೈಗುಣವಿದ್ದವನನ್ನೂ ಬರೀ ಬಾಯಿಬಡುಕನನ್ನೂ ಬೇರೆ ಮಾಡಿ ತೋರಿಸುವ ವ್ಯವಸ್ಥೆ ಇರಲಿಲ್ಲ. ದೊಡ್ಡವರ ಪ್ರಶಂಸಾಪತ್ರವೇ ಆಗಿನ ಪರವಾನಗಿ. ಹಾಗಾಗಿ ಕೈರೊಪೊಡಿಸ್ಟರು ಪತ್ರಗಳನ್ನು ಸಂಗ್ರಹಿಸುತ್ತಿದ್ದರು, ಪತ್ರಿಕೆಗಳಲ್ಲಿ ಅಚ್ಚು ಹಾಕಿಸುತ್ತಿದ್ದರು.

*

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ರಾಜ್ಯಗಳು ವೈದ್ಯಪದ್ಧತಿಯನ್ನು ಕಾನೂನಿನ ಹಿಡಿತಕ್ಕೆ ತರತೊಡಗಿದವು. ಪಶ್ಚಿಮ ವರ್ಜೀನಿಯಾ ರಾಜ್ಯದಲ್ಲಿ ಪರವಾನಗಿ ನಿರಾಕರಿಸಲ್ಪಟ್ಟ ಡೆಂಟ್ ಎಂಬ ವೈದ್ಯ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋದ. 1889ರಲ್ಲಿ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟು, ಜನರ ಆರೋಗ್ಯದ ದೃಷ್ಟಿಯಿಂದ ವೈದ್ಯವೃತ್ತಿಗೆ ಅರ್ಹತೆ ನಿಗದಿ ಮಾಡುವ ಹಕ್ಕು ರಾಜ್ಯಕ್ಕಿದೆ ಎಂದಿತು. ಇದರ ಪರಿಣಾಮ ಡಾಕ್ಟರುಗಳಿಗಷ್ಟೇ ಸೀಮಿತವಾಗಲಿಲ್ಲ. 'ವೈದ್ಯ ಮಾಡುವುದು' ಎಂಬುದನ್ನು ಕಾನೂನು ವ್ಯಾಖ್ಯಾನಿಸಿದ ಕೂಡಲೇ, ಆ ವ್ಯಾಖ್ಯೆಯ ಅಂಚಿನಲ್ಲಿದ್ದ ಎಲ್ಲರಿಗೂ ಸಂಕಟ ಶುರುವಾಯಿತು. ಹಲ್ಲು ಕೀಳುವವರು, ಕನ್ನಡಕ ಕೊಡುವವರು, ಆಣಿ ತೆಗೆಯುವವರು ವೈದ್ಯ ಮಾಡುತ್ತಿದ್ದಾರೋ ಇಲ್ಲವೋ? ಮಾಡುತ್ತಿದ್ದರೆ ಅವರು ಅಪರಾಧಿಗಳು. ಇಲ್ಲವೆಂದರೆ ಅವರು ಮಾಡುತ್ತಿರುವುದೇನು?

ನ್ಯೂಯಾರ್ಕಿನ ಕೈರೊಪೊಡಿಸ್ಟರು ಈ ಪ್ರಶ್ನೆಗೆ ತಾವೇ ಮುಂದಾಗಿ ಉತ್ತರ ಹುಡುಕಿದರು. 1895ರಲ್ಲಿ ಅವರು 'ಪೆಡಿಕ್ ಸೊಸೈಟಿ' ಎಂಬ ಸಂಘ ಕಟ್ಟಿಕೊಂಡರು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಕಾನೂನು ಈ ವೃತ್ತಿಗೆ ಮಾನ್ಯತೆ ಕೊಟ್ಟಿತು. ಅಮೆರಿಕದಲ್ಲಿ ಪಾದಚಿಕಿತ್ಸೆಗೆ ಪರವಾನಗಿಯ ವ್ಯವಸ್ಥೆ ಆರಂಭವಾದದ್ದು ಇಲ್ಲಿಂದ. ಇದೊಂದು ಒಪ್ಪಂದದಂತಿತ್ತು. ಇಡೀ ದೇಹವನ್ನು ನಾವು ಕೇಳುವುದಿಲ್ಲ, ಪಾದವನ್ನಷ್ಟೇ ನಮಗೆ ಬಿಡಿ. ಅದಕ್ಕೆ ಪ್ರತಿಯಾಗಿ ನಮ್ಮನ್ನು ಅಪರಾಧಿಗಳೆನ್ನಬೇಡಿ. ಗೆರೆಯನ್ನು ಒಪ್ಪಿಕೊಂಡದ್ದರಿಂದಲೇ ವೃತ್ತಿ ಉಳಿಯಿತು. ಮುಂದೆ ನೂರು ವರ್ಷ ಆ ಗೆರೆಯೊಡನೆ ಗುದ್ದಾಡಬೇಕಾಗಿ ಬಂದದ್ದೂ ಅದರಿಂದಲೇ.

ಪರವಾನಗಿ ಬಂತು, ಶಾಲೆ ಇರಲಿಲ್ಲ. ಇಲ್ಲಿ ಮಾರಿಸ್ ಲೂಯಿ ಎಂಬ ವೈದ್ಯರ ಹೆಸರು ಹೇಳಬೇಕು. ಇವರು ಕೈರೊಪೊಡಿಸ್ಟರಲ್ಲ, ಪದವಿ ಪಡೆದ ಡಾಕ್ಟರು. ನ್ಯೂಯಾರ್ಕ್ ರಾಜ್ಯದ ವೈದ್ಯಕೀಯ ಪರೀಕ್ಷಾ ಮಂಡಳಿಯ ಕಾರ್ಯದರ್ಶಿಯಾಗಿದ್ದವರು. ಅಂದರೆ ಬಾಗಿಲ ಆ ಬದಿಯಲ್ಲಿ ನಿಂತಿದ್ದವರು. ಕೈರೊಪೊಡಿಸ್ಟರು ಸಹಾಯ ಕೇಳಿ ಬಂದಾಗ, ಕಾನೂನಿಗಿಂತ ಮೊದಲು ನಿಮಗೆ ವಿದ್ಯೆ ಬೇಕು ಎಂದು ಅವರು ಹೇಳಿದರೆಂಬುದು ಈ ವೃತ್ತಿಯವರು ಇಂದಿಗೂ ನೆನೆಯುವ ಮಾತು. 1911ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕ್ ಸ್ಕೂಲ್ ಆಫ್ ಕೈರೊಪೊಡಿಯ ಹೊಣೆಯನ್ನು ಅವರೇ ಹೊತ್ತರು. ತೊಂಬತ್ತೊಂಬತ್ತು ವರ್ಷ ಬದುಕಿದ ಅವರು ಬಾಳಿನ ಉತ್ತರಾರ್ಧವನ್ನು ಬೇರೊಬ್ಬರ ವೃತ್ತಿ ಕಟ್ಟುವುದಕ್ಕೆ ಕೊಟ್ಟರು. 'ಪೋಡಿಯಾಟ್ರಿ' ಎಂಬ ಪದ ಚಾಲ್ತಿಗೆ ಬಂದದ್ದೂ ಇವರಿಂದ ಎನ್ನುತ್ತಾರೆ. ಹೊಸ ಪದದಲ್ಲಿ ಕೈ ಬಿಟ್ಟುಹೋಯಿತು. 'ವೈದ್ಯ' ಎಂಬರ್ಥದ ಗ್ರೀಕ್ ಮಾತು ಸೇರಿಕೊಂಡಿತು.

ಆಮೇಲೆ ಬೆಳವಣಿಗೆ ವೇಗವಾಗಿತ್ತು. 1912ರಲ್ಲಿ ರಾಷ್ಟ್ರಮಟ್ಟದ ಸಂಘ ಹುಟ್ಟಿತು. ಅದೇ ವರ್ಷ ಶಿಕಾಗೋದಲ್ಲಿ ವಿಲಿಯಂ ಶೋಲ್ ಒಂದು ಕಾಲೇಜು ತೆರೆದ. ಪಾದರಕ್ಷೆಯ ಅಂಗಡಿಯಲ್ಲಿ ಕೆಲಸ ಮಾಡುತ್ತ ಜನರ ಪಾದಗಳ ಗತಿ ನೋಡಿ ಈ ದಾರಿಗೆ ಬಂದವನು ಆತ. ಅವನ ಹೆಸರಿನ ಪಾದರಕ್ಷೆ, ಪಟ್ಟಿಗಳನ್ನು ಇಂದಿಗೂ ಔಷಧದ ಅಂಗಡಿಗಳಲ್ಲಿ ಕಾಣಬಹುದು. 1915ರಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯ ಈ ವಿಷಯಕ್ಕೆ ತನ್ನೊಳಗೆ ಜಾಗ ಕೊಟ್ಟಿತು. ಓದಿನ ಅವಧಿ ತಿಂಗಳುಗಳಿಂದ ವರ್ಷಗಳಿಗೆ ಬೆಳೆದು, ಕೊನೆಗೆ ಪದವಿಯ ನಂತರದ ನಾಲ್ಕು ವರ್ಷಗಳ ವೃತ್ತಿಶಿಕ್ಷಣವಾಯಿತು. 1967ರಲ್ಲಿ ಅಮೆರಿಕದ ಸಂಸತ್ತು ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ 'ವೈದ್ಯ' ಎಂಬ ಪದದ ಅರ್ಥವನ್ನು ವಿಸ್ತರಿಸಿ ಪೋಡಿಯಾಟ್ರಿಸ್ಟರನ್ನೂ ಅದರೊಳಗೆ ಸೇರಿಸಿತು. ಅದೇ ತಿದ್ದುಪಡಿ ಆಣಿ ತೆಗೆಯುವುದು, ಉಗುರು ಕತ್ತರಿಸುವುದು ಮುಂತಾದ 'ದೈನಂದಿನ ಪಾದದ ಆರೈಕೆ'ಗೆ ಸಾಮಾನ್ಯವಾಗಿ ವಿಮೆಯ ಹಣವಿಲ್ಲ ಎಂದೂ ಹೇಳಿತು. ಆಣಿ ತೆಗೆಯುತ್ತಲೇ ಮೇಲೆ ಬಂದವರಿಗೆ ವೈದ್ಯರ ಸ್ಥಾನ ಸಿಕ್ಕಿತು. ಆಣಿ ತೆಗೆಯುವ ಕೆಲಸಕ್ಕೆ ಸಿಗಲಿಲ್ಲ.

*

ತರಬೇತಿ ಪರವಾನಗಿಯ ಪ್ರಶ್ನೆ ಮುನ್ನೆಲೆಗೆ ಬರುವುದು ಇಲ್ಲಿಂದ ಮುಂದೆ. ಶಸ್ತ್ರಚಿಕಿತ್ಸೆಯನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ. ಆಸ್ಪತ್ರೆಯಲ್ಲಿ, ಹಿರಿಯರ ಕಣ್ಣೆದುರು, ನಿಜವಾದ ರೋಗಿಯ ಮೇಲೆ ಕೈ ಪಳಗಬೇಕು. ಡಾಕ್ಟರುಗಳಿಗೆ ಈ ವ್ಯವಸ್ಥೆ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲೇ ಗಟ್ಟಿಯಾಗಿತ್ತು. ಪೋಡಿಯಾಟ್ರಿಸ್ಟರಿಗೆ ಬಹುಕಾಲ ಆಸ್ಪತ್ರೆಗಳ ಬಾಗಿಲೇ ತೆರೆದಿರಲಿಲ್ಲ. ಶತಮಾನದ ಉತ್ತರಾರ್ಧದಲ್ಲಿ ಒಂದೊಂದೇ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ತರಬೇತಿ ಶುರುವಾಗಿ, ಮೊದಲು ಬಯಸಿದವರಿಗೆ ಮಾತ್ರ ಇದ್ದದ್ದು, ರಾಜ್ಯದಿಂದ ರಾಜ್ಯಕ್ಕೆ ಕಡ್ಡಾಯವಾಗುತ್ತ ಬಂತು. ಈಗ ದೇಶದುದ್ದಕ್ಕೂ ಮಾನದಂಡ ಒಂದೇ: ನಾಲ್ಕು ವರ್ಷದ ಪಾದವೈದ್ಯ ಪದವಿ, ಆಮೇಲೆ ಮೂರು ವರ್ಷದ ರೆಸಿಡೆನ್ಸಿ.

ಆದರೆ ಕಾನೂನಿನ ದೃಷ್ಟಿಯಲ್ಲಿ ಇಲ್ಲೊಂದು ಗಂಟಿದೆ. ಪೂರ್ಣ ಪರವಾನಗಿ ಸಿಗಬೇಕಾದರೆ ತರಬೇತಿ ಮುಗಿದಿರಬೇಕು. ತರಬೇತಿ ಪಡೆಯಬೇಕಾದರೆ ರೋಗಿಯನ್ನು ಮುಟ್ಟಬೇಕು. ಪರವಾನಗಿಯಿಲ್ಲದೆ ರೋಗಿಯನ್ನು ಮುಟ್ಟಿದರೆ ಅಪರಾಧ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಯಂಥ ಪರಿಸ್ಥಿತಿ. ಈ ಗಂಟನ್ನು ಬಿಡಿಸುವ ಕಾಗದವೇ ಸೀಮಿತ ತರಬೇತಿ ಪರವಾನಗಿ. ಬೇರೆ ಬೇರೆ ರಾಜ್ಯಗಳಲ್ಲಿ ಇದಕ್ಕೆ ಬೇರೆ ಬೇರೆ ಹೆಸರು; ಸ್ವರೂಪ ಹೆಚ್ಚುಕಡಿಮೆ ಒಂದೇ. ಮಾನ್ಯತೆ ಪಡೆದ ತರಬೇತಿಗೆ ಸೇರಿದವರಿಗೆ ಮಾತ್ರ ಇದು ಸಿಗುತ್ತದೆ. ಆ ತರಬೇತಿಯ ಭಾಗವಾಗಿ, ಅದು ನಡೆಯುವ ಕಡೆಗಳಲ್ಲಿ, ಮೇಲ್ವಿಚಾರಣೆಯಲ್ಲಿ ಮಾತ್ರ ಚಿಕಿತ್ಸೆ ಮಾಡಬಹುದು. ಸ್ವಂತ ಬೋರ್ಡು ಹಾಕಿಕೊಂಡು ಕ್ಲಿನಿಕ್ ತೆರೆಯುವಂತಿಲ್ಲ. ಕಾಲಕಾಲಕ್ಕೆ ನವೀಕರಿಸಬೇಕು, ತರಬೇತಿ ಮುಗಿದರೆ ಅಥವಾ ಬಿಟ್ಟರೆ ಪರವಾನಗಿಯೂ ಮುಗಿಯುತ್ತದೆ.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅಲ್ಲಿ ರೆಸಿಡೆಂಟ್ ಪರವಾನಗಿ ಪಡೆದ ಯುವ ಪೋಡಿಯಾಟ್ರಿಸ್ಟ್, ತರಬೇತಿಗೆ ಅಗತ್ಯವಿದ್ದರೆ, ಡಾಕ್ಟರೊಬ್ಬರ ಮೇಲ್ವಿಚಾರಣೆಯಲ್ಲಿ ಪಾದದ ಆಚೆಗಿನ ವಿಭಾಗಗಳಲ್ಲೂ ಕೆಲಸ ಮಾಡಬಹುದು. ಸಾಮಾನ್ಯ ಶಸ್ತ್ರಚಿಕಿತ್ಸೆ, ತುರ್ತು ಚಿಕಿತ್ಸೆ, ಅರಿವಳಿಕೆ ಇಂಥ ಕಡೆ ಇಡೀ ದೇಹದ ರೋಗಿಯೇ ಅವರ ಮುಂದೆ ಇರುತ್ತಾನೆ. ಪೂರ್ಣ ಪರವಾನಗಿ ಬಂದ ದಿನ ಈ ಅವಕಾಶ ಕೈತಪ್ಪಿ, ಪಾದ ಮತ್ತು ಕೀಲಿನ ಗೆರೆಯೊಳಗೆ ಹಿಂದಿರುಗಬೇಕು. ಸೀಮಿತ ಪರವಾನಗಿಯವನಿಗೆ ದೇಹ ದೊಡ್ಡದು, ಸ್ವಾತಂತ್ರ್ಯ ಸಣ್ಣದು. ಪೂರ್ಣ ಪರವಾನಗಿಯವನಿಗೆ ಸ್ವಾತಂತ್ರ್ಯ ದೊಡ್ಡದು, ದೇಹ ಸಣ್ಣದು. ಎರಡು ಬಗೆಯ ಮಿತಿಗಳು ಇಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಒಂದು ಕಲಿಕೆಯ ಮಿತಿ. ಅದು ಕಾಲ ಕಳೆದಂತೆ ಕರಗುತ್ತದೆ. ಇನ್ನೊಂದು ವೃತ್ತಿಯ ಮಿತಿ; ಎಷ್ಟು ಕಲಿತರೂ ಅದು ಕರಗುವುದಿಲ್ಲ. ಟೆಕ್ಸಸ್‌ನ ವ್ಯಾಜ್ಯ ಈ ಎರಡನೆಯದಕ್ಕೆ ಸಂಬಂಧಿಸಿದ್ದು.

ಈ ಕಾಗದ ಎಷ್ಟು ಮುಖ್ಯ ಎಂಬುದು ಅದು ಸಿಗದೆ ಹೋದಾಗ ತಿಳಿಯುತ್ತದೆ. 2010ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಪಾದವೈದ್ಯ ಪದವೀಧರರ ಸಂಖ್ಯೆಗಿಂತ ರೆಸಿಡೆನ್ಸಿ ಸ್ಥಾನಗಳು ಕಡಿಮೆಯಾದವು. ತರಬೇತಿಯನ್ನು ಮೂರು ವರ್ಷಕ್ಕೆ ಏರಿಸಿದ ಕಾಲವೂ ಅದೇ. ಸ್ಥಾನ ಸಿಗದವರು ಎಂಟು ವರ್ಷ ಕಾಲೇಜು ಓದಿ, ದೊಡ್ಡ ಸಾಲ ಹೊತ್ತು, ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳುವ ಪದವಿ ಪಡೆದು, ಹೆಚ್ಚಿನ ರಾಜ್ಯಗಳಲ್ಲಿ ಒಂದು ಆಣಿಯನ್ನೂ ತೆಗೆಯುವಂತಿರಲಿಲ್ಲ. 1614ರ ಸಂತೆಯಲ್ಲಿ ಏನೂ ಓದದವನಿಗೆ ಇದ್ದ ಅವಕಾಶ ಇವರಿಗಿರಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಸ್ಥಿತಿ ಪರಿಚಿತವೇ. ನಾವೂ ಪಾಠ ಮಾಡುತ್ತೇವೆ, ಉತ್ತರಪತ್ರಿಕೆ ತಿದ್ದುತ್ತೇವೆ. ಪೂರ್ತಿ ಮೇಷ್ಟ್ರೂ ಅಲ್ಲ, ಪೂರ್ತಿ ವಿದ್ಯಾರ್ಥಿಯೂ ಅಲ್ಲ. ಆದರೆ ನಮ್ಮ ಕೈ ನಡುಗಿದರೆ ಯಾರ ಪಾದವೂ ಹೋಗುವುದಿಲ್ಲ.

*

ಎಲ್ಲ ದೇಶಗಳೂ ಇದೇ ದಾರಿ ಹಿಡಿಯಲಿಲ್ಲ. ಬ್ರಿಟನ್ನಿನಲ್ಲಿ 1960ರ ಕಾಯ್ದೆಯೊಂದು ಕೈರೊಪೊಡಿಸ್ಟರನ್ನು 'ವೈದ್ಯವೃತ್ತಿಗೆ ಪೂರಕವಾದ ವೃತ್ತಿ'ಗಳ ಪಟ್ಟಿಗೆ ಸೇರಿಸಿತು. ಪೂರಕ ಎಂಬ ಮಾತೇ ಅವರ ಸ್ಥಾನವನ್ನು ಹೇಳುತ್ತದೆ. ನೋಂದಣಿಯಾದವರು ಸರ್ಕಾರಿ ಆರೋಗ್ಯ ಸೇವೆಯಲ್ಲಿ ಕೆಲಸ ಮಾಡಬಹುದಿತ್ತು. ಆದರೆ ನೋಂದಣಿಯಿಲ್ಲದವರೂ ಕೈರೊಪೊಡಿಸ್ಟ್ ಎಂದು ಬೋರ್ಡು ಹಾಕಿಕೊಳ್ಳುವುದನ್ನು ಕಾನೂನು ತಡೆಯಲಿಲ್ಲ. ಆ ಹೆಸರಿಗೆ ನಿಜವಾದ ರಕ್ಷಣೆ ಸಿಕ್ಕಿದ್ದು ಈ ಶತಮಾನದ ಆರಂಭದಲ್ಲಿ. ಆಗಲೂ ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದ್ದವರು ತಮ್ಮ ಅನುಭವ ತೋರಿಸಿ ಪಟ್ಟಿಗೆ ಸೇರಲು 2003ರಿಂದ 2005ರವರೆಗೆ ಕಾಲಾವಕಾಶ ಕೊಟ್ಟರು. ಹೊಸ ಬಾಗಿಲು ಹಾಕುವ ಮೊದಲು ಹೊರಗೆ ನಿಂತಿದ್ದ ಹಳಬರನ್ನು ಒಳಗೆ ಕರೆದುಕೊಂಡ ಹಾಗೆ.

ಭಾರತಕ್ಕೆ ಪೋಡಿಯಾಟ್ರಿ ಬಂದದ್ದು ಬೇರೆ ದಾರಿಯಿಂದ. ಒಂದರ್ಥದಲ್ಲಿ ಅದು ಇಲ್ಲಿಂದಲೇ ಅಲ್ಲಿಗೆ ಹೋಯಿತು. ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಮೇಲೆ ಕೆಲಸ ಮಾಡಿದ ಶಸ್ತ್ರವೈದ್ಯರು. ಕುಷ್ಠದಲ್ಲಿ ಬೆರಳು, ಪಾದಗಳು ತಾವಾಗಿ ಕೊಳೆತು ಉದುರುತ್ತವೆ ಎಂಬ ನಂಬಿಕೆಯನ್ನು ಅವರು ಪ್ರಶ್ನಿಸಿದರು. ನೋವು ತಿಳಿಯದ ಪಾದದ ಮೇಲೆ ಮತ್ತೆ ಮತ್ತೆ ಅದೇ ಜಾಗಕ್ಕೆ ಒತ್ತಡ ಬಿದ್ದು ಹುಣ್ಣಾಗುತ್ತದೆ, ಆ ಹುಣ್ಣು ಮೂಳೆಗಿಳಿಯುತ್ತದೆ ಎಂದು ತೋರಿಸಿದರು. ಹಾಗಾಗಿ ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯವಾದದ್ದು ಮೆತ್ತನೆಯ ರಬ್ಬರಿನ ಸರಿಯಾದ ಚಪ್ಪಲಿ. ಅಲ್ಲಿ ಚಪ್ಪಲಿ ಹೊಲಿಯುವವರೂ ಚಿಕಿತ್ಸೆಯ ಭಾಗವಾದರು. ಹರಳಯ್ಯನ ಕಥೆಯನ್ನು ಕೇಳಿ ಬೆಳೆದ ನಾಡಿನವರಿಗೆ ಪಾದರಕ್ಷೆಯ ಕೆಲಸದ ಘನತೆಯನ್ನು ಬೇರೆ ವಿವರಿಸಬೇಕಿಲ್ಲ. ಆ ಘನತೆಯನ್ನು ಸಮಾಜ ಎಷ್ಟು ಕೊಟ್ಟಿತು ಎಂಬುದನ್ನೂ ವಿವರಿಸಬೇಕಿಲ್ಲ. ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಮಧುಮೇಹಿಗಳ ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೂ ಇದೇ ತಿಳಿವಳಿಕೆ ಅನ್ವಯಿಸುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ಇಂದು ಜಗತ್ತಿನ ಪಾದವೈದ್ಯರು ಮಧುಮೇಹಿಯ ಪಾದವನ್ನು ನೋಡುವ ಕ್ರಮದಲ್ಲಿ ವೆಲ್ಲೂರಿನ ಕುಷ್ಠರೋಗಿಗಳಿಂದ ಕಲಿತದ್ದು ಸಾಕಷ್ಟಿದೆ.

ಈಗ ನಮ್ಮ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿತು. ಗದ್ದೆಯಲ್ಲಿ ಬರಿಗಾಲಲ್ಲಿ ನಡೆದವರ, ಮುಳ್ಳು ಚುಚ್ಚಿದ್ದು ತಿಳಿಯದವರ, ಬಿಸಿ ನೀರಿಗೆ ಪಾದ ಅದ್ದಿ ಬೊಬ್ಬೆ ಎದ್ದಮೇಲೆ ನೋಡಿಕೊಂಡವರ ಸಂಖ್ಯೆ ಇದರೊಳಗಿದೆ. ಬೆಂಗಳೂರಿನಲ್ಲಿ ಸರ್ಕಾರಿ ಮಧುಮೇಹ ಸಂಸ್ಥೆಯಲ್ಲಿ ಪೋಡಿಯಾಟ್ರಿ ವಿಭಾಗವೇ ಇದೆ. ಆದರೆ ಇಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಶಸ್ತ್ರವೈದ್ಯ ಓದಿ, ಆಮೇಲೆ ಪಾದದ ವಿಶೇಷ ತರಬೇತಿ ಪಡೆದವರು. ಅಮೆರಿಕದಂತೆ ಪಾದದಿಂದಲೇ ಶುರುವಾಗಿ ಪಾದದಲ್ಲೇ ಮುಗಿಯುವ ಸ್ವತಂತ್ರ ವೃತ್ತಿ ನಮ್ಮಲ್ಲಿ ಬೇರೂರಿಲ್ಲ. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಮಾತ್ರ ಪೋಡಿಯಾಟ್ರಿಸ್ಟ್ ಎಂಬ ಹೆಸರು ಸೇರಿಕೊಂಡಿದೆ. ಹೆಸರು ಪಟ್ಟಿಗೆ ಬಂದಿದೆ. ಗೆರೆ ಎಳೆಯುವ ಕೆಲಸ ಮುಂದಿದೆ.

ಸೀಮಿತ ಪರವಾನಗಿಯ ವಿಚಾರದಲ್ಲಿ ನಮಗೆ ನಮ್ಮದೇ ಅನುಭವವಿದೆ. ಬ್ರಿಟಿಷರ ಕಾಲದಲ್ಲಿ ಪದವಿಗಿಂತ ಕಡಿಮೆ ಅವಧಿಯ ಓದು ಮುಗಿಸಿ ಬಂದ ಎಲ್.ಎಂ.ಪಿ. ಡಾಕ್ಟರುಗಳನ್ನು ಹಳೆಯ ತಲೆಮಾರಿನವರು ಇನ್ನೂ ನೆನೆಸಿಕೊಳ್ಳುತ್ತಾರೆ. ದೇಶದ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇವರೇ ಆಗಿದ್ದರು. ಆದರೂ 1933ರ ಭಾರತೀಯ ವೈದ್ಯಕೀಯ ಮಂಡಳಿ ಕಾಯ್ದೆ ಇವರನ್ನು ಹೊರಗಿಟ್ಟಿತು. 1946ರಲ್ಲಿ ಭೋರ್ ಸಮಿತಿ, ಮುಂದೆ ದೇಶಕ್ಕೆ ಒಂದೇ ಬಗೆಯ ವೈದ್ಯರು ಸಾಕು, ಎಲ್ಲರೂ ಪದವೀಧರರಾಗಿರಲಿ ಎಂದಿತು. ಹಳ್ಳಿಗಳಿಗೆ ಲೈಸೆನ್ಷಿಯೇಟರು ಬೇಕೇ ಬೇಕು ಎಂದು ಆರು ಸದಸ್ಯರು ಭಿನ್ನಮತ ಬರೆದರು. ಎಂಟು ದಶಕಗಳ ನಂತರವೂ ಆ ಭಿನ್ನಮತ ಸತ್ತಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ 'ಸಮುದಾಯ ಆರೋಗ್ಯ ಸೇವಕ'ರಿಗೆ ಸೀಮಿತ ಪರವಾನಗಿ ಕೊಡುವ ಅವಕಾಶ ಮಾಡಿದಾಗ, ಅರೆಬರೆ ವೈದ್ಯರನ್ನು ಹಳ್ಳಿಗೆ ಕಳಿಸುತ್ತೀರಾ ಎಂದು ವೈದ್ಯರ ಸಂಘಗಳು ಬೀದಿಗಿಳಿದವು.

ಈ ಎರಡು ಚರಿತ್ರೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಅಮೆರಿಕದ ಪಾದವೈದ್ಯರ ತರಬೇತಿ ಪರವಾನಗಿಯ ಮಿತಿ ಕಲಿಯುವವನ ಮೇಲೆ ಹೇರಿದ್ದು, ಮತ್ತು ಅದಕ್ಕೊಂದು ಕೊನೆಯ ದಿನವಿದೆ. ಅಲ್ಲಿ ಮಿತಿಯ ಜೊತೆಗೇ ಮೇಲ್ವಿಚಾರಕರಿದ್ದಾರೆ, ಆಸ್ಪತ್ರೆಯಿದೆ, ಮುಂದಿನ ಮೆಟ್ಟಿಲಿದೆ. ಎಲ್.ಎಂ.ಪಿ.ಗಳ ಮೇಲಿನ ಮಿತಿ ಅವರ ದರ್ಜೆಯ ಮೇಲೆ ಹೇರಿದ್ದು. ಊರಿಗೆ ಒಬ್ಬನೇ ಡಾಕ್ಟರಾಗಿ ಮೂವತ್ತು ವರ್ಷ ಕೆಲಸ ಮಾಡಿದರೂ ಅದು ಹಾಗೇ ಉಳಿಯುತ್ತಿತ್ತು. ಸೀಮಿತ ಎಂಬ ಒಂದೇ ಪದ ಎರಡೂ ಕಡೆ ಇದ್ದರೂ, ಒಂದು ಏಣಿ, ಇನ್ನೊಂದು ಬೇಲಿ. ಸೀಮಿತ ಪರವಾನಗಿ ಬೇಕೇ ಬೇಡವೇ ಎಂದು ನಾವು ಜಗಳವಾಡುವಾಗ ಈ ಭೇದವನ್ನು ಕೇಳುವುದೇ ಇಲ್ಲ.

ಮುಂದೆ ಯಾವುದಾದರೂ ಸಮಿತಿ ನಮ್ಮ ಪಾದವೈದ್ಯರ ನಿಯಮಗಳನ್ನು ಬರೆಯಲು ಕುಳಿತಾಗ ಅದರ ಮುಂದೆ ಟೆಕ್ಸಸ್‌ನ ಪ್ರಶ್ನೆ ಇದ್ದೇ ಇರುತ್ತದೆ. ಪಾದ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ಅಂಗರಚನೆಯ ಪುಸ್ತಕದಲ್ಲಿ ಒಂದು ಉತ್ತರ ಸಿಗಬಹುದು. ಆದರೆ ಮಧುಮೇಹಿಯ ಪಾದದ ಹುಣ್ಣು ಅಂಗರಚನೆಯ ಗೆರೆಯನ್ನು ನೋಡಿ ನಿಲ್ಲುವುದಿಲ್ಲ. ಅದು ರಕ್ತದೊಡನೆ ಮೇಲಕ್ಕೆ ಹೋಗುತ್ತದೆ. ಅದಕ್ಕೇ ಗೆರೆ ಎಲ್ಲಿದೆ ಎಂಬುದರ ಜೊತೆಗೆ, ಗೆರೆಯ ಈಚೆ ನಿಂತವರು ಆಚೆ ನಿಂತವರನ್ನು ಎಷ್ಟು ಬೇಗ ಕರೆಯಬಲ್ಲರು, ಕರೆದರೆ ಅವರು ಬರುತ್ತಾರೆಯೇ ಎಂಬುದನ್ನೂ ನಿಯಮದಲ್ಲಿ ಬರೆಯಬೇಕು. ಹಾವೇರಿಯದೋ ರಾಯಚೂರಿನದೋ ಹಳ್ಳಿಯಲ್ಲಿ ಒಬ್ಬಾಕೆಯ ಪಾದ ಉಳಿಯುವುದೋ ಹೋಗುವುದೋ ಎಂಬುದು ತೀರ್ಮಾನವಾಗುವುದು ಅಲ್ಲಿ.